ವಾಲ್ವ್ ಮೇಲಿನ ಅಂಕುಡೊಂಕು ಗೆರೆ ಓದುವುದು ಹೇಗೆ? ಕೈ ಬಿಟ್ಟರೆ, ಕರೆಂಟ್ ಹೋದರೆ ಯಂತ್ರ ಏನು ಮಾಡುತ್ತದೆ ಎಂಬುದು ಅಲ್ಲೇ ಇದೆ

ಹಾಳೆ ತಟ್ಟೆ ಒತ್ತುವ ಪ್ರೆಸ್‌ನ ಲಿವರ್ ವಾಲ್ವ್ ಲೀಕ್ ಆಗುತ್ತಿದೆ. ಮಾಲೀಕರು ಅದನ್ನು ಬಿಚ್ಚಿ, ಎಣ್ಣೆ ಒರೆಸಿ, ಗೋಣಿಚೀಲದ ತುಂಡಿನಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿಗೆ ಪೀಣ್ಯಕ್ಕೆ ಹೋಗುತ್ತಾರೆ. ಅಂಗಡಿಯವರ ಮುಂದಿಟ್ಟು "ಇಂಥದ್ದೇ ಒಂದು ಕೊಡಿ" ಅನ್ನುತ್ತಾರೆ. ಅದೇ ಸೈಜು, ಅದೇ ನಾಲ್ಕು ತೂತು, ಅದೇ ಥರದ ಲಿವರ್. ಸಂಜೆಗೆ ತಂದು ಕೂರಿಸಿದರೆ ಯಂತ್ರ ಓಡುತ್ತದೆ. ಆದರೆ ಮೊದಲು ಲಿವರ್ ಬಿಟ್ಟ ಕೂಡಲೇ ಪ್ರೆಸ್ ನಿಲ್ಲುತ್ತಿತ್ತು. ಈಗ ಲಿವರ್ ಎಳೆದು ಬಿಟ್ಟರೆ ಅದು ಎಳೆದ ಜಾಗದಲ್ಲೇ ಕೂರುತ್ತದೆ, ಪ್ರೆಸ್ ಇಳಿಯುತ್ತಲೇ ಇರುತ್ತದೆ. ಕೆಳಗೆ ಬಿಸಿ ಡೈ, ಅದರ ಮೇಲೆ ಹಾಳೆ ಸರಿಪಡಿಸುವವರ ಬೆರಳು.

ಎರಡು ವಾಲ್ವ್‌ಗೂ ಇದ್ದ ವ್ಯತ್ಯಾಸ ಇಷ್ಟೇ. ಹಳೆಯದರ ಮೈಮೇಲಿನ ಪ್ಲೇಟಿನಲ್ಲಿ ಒಂದು ಅಂಕುಡೊಂಕು ಗೆರೆ ಇತ್ತು. ಹೊಸದರಲ್ಲಿ ಅದರ ಬದಲು ಕಚ್ಚು ಕಚ್ಚಾದ ಒಂದು ಪುಟ್ಟ ಗುರುತು ಇತ್ತು. ಯಾರೂ ನೋಡಲಿಲ್ಲ.

ನಮ್ಮ ಕಡೆ ಈ ವಾಲ್ವ್ ಇಲ್ಲದ ಊರಿಲ್ಲ. ಗುಬ್ಬಿ, ಚಿಕ್ಕನಾಯಕನಹಳ್ಳಿ ಸೀಮೆಯ ಅಡಿಕೆ ಹಾಳೆಗೆ ಪ್ರೆಸ್ ಇದೆ. ಟ್ರ್ಯಾಕ್ಟರ್ ಟ್ರಾಲಿ ಎತ್ತುವುದಕ್ಕೆ ಇದೆ, ಜೆಸಿಬಿಯ ಬಕೆಟ್ಟಿಗೆ ಇದೆ. ಹೈವೇ ಪಕ್ಕದ ಟೈರ್ ಅಂಗಡಿಯಲ್ಲಿ ಟೈರ್ ಬಿಚ್ಚುವ ಯಂತ್ರದ ಪೆಡಲ್ ಕೆಳಗೂ ಇದೆ. ಕೆಲಸ ಒಂದೇ. ಎಣ್ಣೆಯನ್ನೋ ಗಾಳಿಯನ್ನೋ ಯಾವ ಪೈಪಿಗೆ ಬಿಡಬೇಕು, ಯಾವುದರಿಂದ ವಾಪಸ್ ತರಬೇಕು ಎಂದು ದಾರಿ ಬದಲಿಸುವುದು. ಅದಕ್ಕೇ ಇದರ ಹೆಸರು ಡೈರೆಕ್ಷನಲ್ ಕಂಟ್ರೋಲ್ ವಾಲ್ವ್. ಅಂಗಡಿಯಲ್ಲಿ ಡಿಸಿ ವಾಲ್ವ್ ಅಂದರೆ ಸಾಕು.

ಚೌಕ ಮೊದಲು, ಕೈ ಆಮೇಲೆ

ಒಂದು ಪೆನ್ನು, ಕಾಗದ ತಗೊಳ್ಳಿ. ಮೂರು ಚೌಕಗಳನ್ನು ಅಕ್ಕಪಕ್ಕ ಅಂಟಿಸಿ ಬರೆಯಿರಿ, ರೈಲು ಬೋಗಿ ಥರ. ಒಂದೊಂದು ಚೌಕ ಅಂದ್ರೆ ವಾಲ್ವ್ ನಿಲ್ಲಬಹುದಾದ ಒಂದೊಂದು ಸ್ಥಾನ. ಚೌಕದ ಒಳಗಿನ ಬಾಣ, ಆ ಸ್ಥಾನದಲ್ಲಿ ಎಣ್ಣೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತೋರಿಸುತ್ತದೆ. ಇಂಗ್ಲಿಷಿನ ಟಿ ಅಕ್ಷರದ ಥರ ಮುಚ್ಚಿದ ಗೆರೆ ಇದ್ದರೆ ಆ ದಾರಿ ಬಂದ್.

ಪೈಪುಗಳನ್ನು ಒಂದೇ ಚೌಕಕ್ಕೆ ಜೋಡಿಸಿ ಬರೆದಿರುತ್ತಾರೆ. ಅದು ಯಾರೂ ಮುಟ್ಟದೇ ಇದ್ದಾಗ ವಾಲ್ವ್ ಇರುವ ಸ್ಥಾನ. ಹೈಡ್ರಾಲಿಕ್‌ನಲ್ಲಿ ಪಿ ಅಂದರೆ ಪಂಪಿನಿಂದ ಬರುವುದು, ಟಿ ಅಂದರೆ ಟ್ಯಾಂಕಿಗೆ ಹೋಗುವುದು, ಎ ಮತ್ತು ಬಿ ಅಂದರೆ ಸಿಲಿಂಡರ್‌ನ ಎರಡು ಕಡೆಗೆ ಹೋಗುವ ಪೈಪು. ನಾಲ್ಕು ದಾರಿ, ಮೂರು ಸ್ಥಾನ ಇದ್ದರೆ 4/3 ವಾಲ್ವ್ ಅನ್ನುತ್ತಾರೆ. ಗಾಳಿಯ ವಾಲ್ವ್‌ಗೆ ಐದು ದಾರಿ, ಎರಡು ಸ್ಥಾನ ಇದ್ದರೆ 5/2.

ಇಷ್ಟು ಬಹಳ ಮೆಕ್ಯಾನಿಕ್‌ಗಳಿಗೆ ಗೊತ್ತಿರುತ್ತದೆ. ಎಡವುವುದು ಚೌಕದ ಹೊರಗೆ, ಎಡ ತುದಿ ಮತ್ತು ಬಲ ತುದಿಯಲ್ಲಿ ಅಂಟಿಸಿರುವ ಚಿಕ್ಕ ಚಿತ್ರಗಳಲ್ಲಿ. ಒಳಗಿರುವ ಸ್ಪೂಲ್ ಎಂಬ ಉಕ್ಕಿನ ಕಡ್ಡಿಯನ್ನು ಯಾರು ದೂಡುತ್ತಾರೆ ಅನ್ನುವುದಕ್ಕೆ ಇರುವ ಗುರುತು ಅದು. ಪುಸ್ತಕದಲ್ಲಿ ಆಕ್ಚುಯೇಟರ್ ಅಂತ ಇರುತ್ತದೆ. ಸಿಲಿಂಡರ್‌ಗೂ ಆಕ್ಚುಯೇಟರ್ ಅನ್ನುವ ಅಭ್ಯಾಸ ಇರುವುದರಿಂದ ಗೊಂದಲ ಬೇಡ. ಇಲ್ಲಿ ಹೇಳುತ್ತಿರುವುದು ವಾಲ್ವನ್ನೇ ಅಲುಗಿಸುವ ಕೈಯ ವಿಷಯ.

ಓದುವ ಸೂತ್ರ ಸುಲಭ. ಪೈಪುಗಳು ಗೋಡೆಗೆ ಹೊಡೆದ ಮೊಳೆಯ ಹಾಗೆ ಅಲುಗುವುದಿಲ್ಲ, ಚೌಕಗಳ ಸಾಲು ಮಾತ್ರ ಆಚೀಚೆ ಜಾರುತ್ತದೆ ಅಂದುಕೊಳ್ಳಿ. ಎಡ ತುದಿಯ ಕೈ ದೂಡಿದರೆ ಸಾಲು ಬಲಕ್ಕೆ ಜಾರುತ್ತದೆ, ಎಡಗಡೆಯ ಚೌಕ ಪೈಪುಗಳ ಮುಂದೆ ಬಂದು ನಿಲ್ಲುತ್ತದೆ. ಬಲಗಡೆಯದು ದೂಡಿದರೆ ಬಲ ಚೌಕ. ಅಂದ್ರೆ ಯಾವ ಕಡೆಯ ಕೈ ಗೆಲ್ಲುತ್ತದೋ ಅದರ ಪಕ್ಕದ ಚೌಕವೇ ಕೆಲಸಕ್ಕೆ ಬರುವುದು.

ಈ ಗುರುತುಗಳಿಗೆ ಐಎಸ್‌ಒ 1219 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಹಾಗಾಗಿ ವಾಲ್ವ್ ಯಾವ ದೇಶದಲ್ಲಿ ತಯಾರಾದರೂ ಗುರುತು ಹೆಚ್ಚುಕಡಿಮೆ ಒಂದೇ ಥರ. ಭಾಷೆ ಬರದಿದ್ದರೂ ಚಿತ್ರ ಓದಬಹುದು.

ಮನುಷ್ಯ ಮುಟ್ಟುವ ಗುರುತುಗಳು

ಓರೆಯಾದ ಕಡ್ಡಿ, ಅದರ ತುದಿಗೆ ಒಂದು ಪುಟ್ಟ ಗುಂಡು ಇದ್ದರೆ ಅದು ಕೈಲಿವರ್. ಗೇರ್ ಲಿವರ್‌ನ ಚಿತ್ರ ಅಂದುಕೊಂಡರೆ ಮರೆಯುವುದಿಲ್ಲ. ಅಣಬೆ ತಲೆಯ ಹಾಗೆ ಅರ್ಧ ವೃತ್ತದ ಟೋಪಿ ಇದ್ದರೆ ಒತ್ತುವ ಬಟನ್. ಪಾದ ಇಡುವ ಹಲಗೆಯ ಹಾಗೆ ಮುರಿದ ಓರೆ ಗೆರೆ ಇದ್ದರೆ ಪೆಡಲ್. ಬರೀ ಕಡ್ಡಿಯ ತುದಿಗೆ ಅಡ್ಡಗೆರೆ ಇದ್ದರೆ, ಮನುಷ್ಯನೇ ಅಲುಗಿಸುತ್ತಾನೆ, ಹೇಗೆ ಅಂತ ಹೇಳಿಲ್ಲ ಎಂದರ್ಥ.

ಕಡ್ಡಿಯ ತುದಿಯಲ್ಲಿ ಚಕ್ರದ ಹಾಗೆ ಒಂದು ವೃತ್ತ ಇದ್ದರೆ ಅದು ರೋಲರ್. ಇಲ್ಲಿ ಮನುಷ್ಯ ಮುಟ್ಟುವುದಿಲ್ಲ. ಯಂತ್ರದ ಇನ್ನೊಂದು ಭಾಗ ಸರಿಯುತ್ತಾ ಬಂದು ತಾಗಿ ವಾಲ್ವನ್ನು ಒತ್ತುತ್ತದೆ. ಲಿವರ್‌ನ ಗುಂಡಿಗೂ ಈ ಚಕ್ರಕ್ಕೂ ಅದಲುಬದಲು ಮಾಡಿಕೊಳ್ಳುವವರು ಇದ್ದಾರೆ. ಲಿವರ್‌ನ ಕಡ್ಡಿ ಓರೆ ಇರುತ್ತದೆ, ರೋಲರ್‌ನದು ನೆಟ್ಟಗೆ ಇರುತ್ತದೆ.

ಇವನ್ನೆಲ್ಲ ತಪ್ಪು ಓದುವುದು ಕಮ್ಮಿ, ಯಾಕಂದ್ರೆ ಲಿವರ್ ಕಣ್ಣಿಗೇ ಕಾಣುತ್ತದೆ. ಕಾಣದೇ ಇರುವುದು ಮುಂದಿನ ಎರಡು.

ಸ್ಪ್ರಿಂಗ್ ಮತ್ತು ಕಚ್ಚು

ಅಂಕುಡೊಂಕು ಗೆರೆ ಅಂದರೆ ಸ್ಪ್ರಿಂಗ್. ಕೈ ಬಿಟ್ಟ ಕೂಡಲೇ ಸ್ಪೂಲನ್ನು ವಾಪಸ್ ದೂಡುವುದು ಅದರ ಕೆಲಸ. ಎರಡು ಚೌಕದ ವಾಲ್ವ್‌ನಲ್ಲಿ ಒಂದು ತುದಿಗೆ ಪೆಡಲ್, ಇನ್ನೊಂದು ತುದಿಗೆ ಸ್ಪ್ರಿಂಗ್ ಇದ್ದರೆ, ಕಾಲು ಇಟ್ಟಷ್ಟು ಹೊತ್ತು ಒಂದು ಕೆಲಸ, ಕಾಲು ತೆಗೆದರೆ ಇನ್ನೊಂದು. ಮೂರು ಚೌಕದ ವಾಲ್ವ್‌ನ ಎರಡೂ ತುದಿಗೆ ಸ್ಪ್ರಿಂಗ್ ಇದ್ದರೆ, ಬಿಟ್ಟ ಕೂಡಲೇ ನಡುವಿನ ಚೌಕಕ್ಕೆ ಬರುತ್ತದೆ. ಇದಕ್ಕೆ ಸ್ಪ್ರಿಂಗ್ ಸೆಂಟರ್ ಅನ್ನುತ್ತಾರೆ.

ಒಂದು ಚಿಕ್ಕ ಗೆರೆಯಲ್ಲಿ ಗರಗಸದ ಹಲ್ಲಿನ ಹಾಗೆ ಎರಡು ಮೂರು ಕಚ್ಚು, ಒಂದು ಕಚ್ಚಿನಲ್ಲಿ ಕೂತ ಸಣ್ಣ ಕಡ್ಡಿ ಇದ್ದರೆ ಅದು ಡಿಟೆಂಟ್. ಎಷ್ಟು ಕಚ್ಚೋ ಅಷ್ಟು ಜಾಗದಲ್ಲಿ ಲಿವರ್ ತಾನೇ ನಿಲ್ಲುತ್ತದೆ. ಮನೆಯ ಫ್ಯಾನ್ ರೆಗ್ಯುಲೇಟರ್ ಟಕ್ ಟಕ್ ಎಂದು ಒಂದೊಂದು ನಂಬರಿಗೆ ಕೂರುವುದಿಲ್ಲವೇ, ಹಾಗೆ.

ಎರಡೂ ಒಂದೇ ಯಂತ್ರದಲ್ಲಿ ಹೇಗೆ ಬೇಕಾಗುತ್ತವೆ ಅಂತ ನೋಡಬೇಕಾದರೆ ಟೈರ್ ಅಂಗಡಿಗೆ ಹೋಗಿ ಐದು ನಿಮಿಷ ನಿಂತರೆ ಸಾಕು. ಟೈರಿನ ಅಂಚನ್ನು ರಿಮ್‌ನಿಂದ ಬಿಡಿಸುವ ಅಗಲವಾದ ಬ್ಲೇಡಿನ ಪೆಡಲ್ ಒತ್ತಿ ಹಿಡಿದಷ್ಟು ಹೊತ್ತು ಬ್ಲೇಡ್ ಒತ್ತುತ್ತದೆ. ಕಾಲು ತೆಗೆದರೆ ವಾಪಸ್. ಅದು ಸ್ಪ್ರಿಂಗ್. ರಿಮ್ಮನ್ನು ಹಿಡಿದಿಡುವ ದವಡೆಯ ಪೆಡಲ್ ಹಾಗಲ್ಲ. ಒಮ್ಮೆ ಒತ್ತಿದರೆ ಹಿಡಿತ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಬಿಡುತ್ತದೆ. ಅದು ಕಚ್ಚು. ಇವೆರಡು ಅದಲುಬದಲಾದರೆ ಏನಾದೀತು ಯೋಚಿಸಿ. ಕಾಲು ತೆಗೆದಾಗ ದವಡೆ ರಿಮ್ ಬಿಟ್ಟುಬಿಡುತ್ತದೆ, ಬ್ಲೇಡ್ ಮಾತ್ರ ಒತ್ತುತ್ತಲೇ ಇರುತ್ತದೆ.

ಟ್ರ್ಯಾಕ್ಟರ್‌ನಲ್ಲೂ ಇದೇ ಮಾತು. ಟ್ರಾಲಿ ಎತ್ತುವ ಲಿವರ್‌ಗೆ ಸ್ಪ್ರಿಂಗ್ ಇದ್ದರೆ ಡ್ರೈವರ್ ಹಿಡಿದೇ ನಿಂತಿರಬೇಕು, ಅದು ಒಳ್ಳೆಯದೇ. ಹೈಡ್ರಾಲಿಕ್ ಮೋಟಾರ್ ಇರುವ ಉಪಕರಣಕ್ಕೆ ಹಾಗಾಗುವುದಿಲ್ಲ. ಎಣ್ಣೆ ನಿಲ್ಲದೆ ಹರಿಯುತ್ತಿರಬೇಕು, ಗಂಟೆಗಟ್ಟಲೆ ಲಿವರ್ ಹಿಡಿದುಕೊಂಡು ಕೂರಲು ಯಾರಿಗೂ ಆಗದು. ಅಲ್ಲಿ ಕಚ್ಚೇ ಬೇಕು. ಜೆಸಿಬಿಯ ಮುಂದಿನ ಬಕೆಟ್ ಲಿವರ್ ಎರಡೂ ಸೇರಿದ ಜಾತಿ. ಸಾಮಾನ್ಯವಾಗಿ ಬಿಟ್ಟರೆ ನಡುವಿಗೆ ಬರುತ್ತದೆ. ನೆಲ ಸವರುವಾಗ ಬಕೆಟ್ ತಾನೇ ಏರಿಳಿಯಲಿ ಎಂದು ಕೊನೆಯವರೆಗೂ ದೂಡಿದರೆ ಅಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಆ ಸ್ಥಾನಕ್ಕೆ ಫ್ಲೋಟ್ ಎಂದು ಹೆಸರು. ಗುರುತಿನಲ್ಲಿ ಅದಕ್ಕೆ ನಾಲ್ಕನೇ ಚೌಕ ಇರುತ್ತದೆ.

ಹಾಳೆ ತಟ್ಟೆ ಪ್ರೆಸ್ ವಿಷಯಕ್ಕೆ ಬಂದರೆ, ಕಚ್ಚಿನ ವಾಲ್ವನ್ನು ಬೇಕೆಂದೇ ಹಾಕಿಸಿಕೊಳ್ಳುವವರೂ ಉಂಟು. ಹಾಳೆ ಬಿಸಿ ಡೈಯಲ್ಲಿ ಕೆಲವು ಸೆಕೆಂಡ್ ಒತ್ತಿಕೊಂಡೇ ಇರಬೇಕು. ಅಷ್ಟರಲ್ಲಿ ಕೈ ಬಿಡುವಾದರೆ ಮುಂದಿನ ಹಾಳೆ ಎತ್ತಿಟ್ಟುಕೊಳ್ಳಬಹುದು, ದಿನಕ್ಕೆ ಒಂದಷ್ಟು ತಟ್ಟೆ ಜಾಸ್ತಿ. ಲೆಕ್ಕ ಸರಿಯೇ. ಆದರೆ ಬೆರಳು ಸಿಕ್ಕಿದಾಗ ಯಾರಿಗಾದರೂ ಮೊದಲು ಆಗುವುದು ಲಿವರ್ ಕೈತಪ್ಪುವುದು. ಸ್ಪ್ರಿಂಗ್ ಇದ್ದರೆ ಆ ಕ್ಷಣಕ್ಕೇ ಪ್ರೆಸ್ ನಿಲ್ಲುತ್ತದೆ. ಕಚ್ಚು ಇದ್ದರೆ ಇನ್ನೊಬ್ಬರು ಓಡಿಬಂದು ಲಿವರ್ ತಿರುಗಿಸಬೇಕು. ಕೂಲಿಗೆ ಬರುವ ಹೆಣ್ಣುಮಕ್ಕಳೇ ಕೂತು ಒತ್ತುವ ಯಂತ್ರಕ್ಕೆ ಯಾವುದು ಹಾಕಬೇಕು ಅನ್ನುವುದು ಮಾಲೀಕರು ತಟ್ಟೆಯ ಲೆಕ್ಕವನ್ನು ಪಕ್ಕಕ್ಕಿಟ್ಟು ತೀರ್ಮಾನಿಸಬೇಕಾದ ವಿಷಯ.

ಕರೆಂಟಿನ ಗುರುತು

ಆಯತದ ಡಬ್ಬಿ, ಅದರ ಒಳಗೆ ಒಂದು ಓರೆ ಗೆರೆ. ಇದು ಸೊಲೆನಾಯ್ಡ್, ಅಂಗಡಿ ಮಾತಿನಲ್ಲಿ ಕಾಯಿಲ್. ಕರೆಂಟ್ ಕೊಟ್ಟರೆ ಒಳಗಿನ ಕಬ್ಬಿಣದ ತುಂಡನ್ನು ಅಯಸ್ಕಾಂತದ ಹಾಗೆ ಎಳೆದು ಸ್ಪೂಲನ್ನು ದೂಡುತ್ತದೆ. ಡಬ್ಬಿಯನ್ನು ಸೀಳಿಕೊಂಡು ಬಾಣ ಹೋಗಿದ್ದರೆ ಕರೆಂಟ್ ಎಷ್ಟೋ ಅಷ್ಟೇ ತೆರೆಯುವ ದುಬಾರಿ ಜಾತಿ, ಅದು ನಮ್ಮ ಕಡೆಯ ಚಿಕ್ಕ ಯಂತ್ರಗಳಲ್ಲಿ ಅಪರೂಪ.

ಇಲ್ಲಿ ಕೇಳಬೇಕಾದ ಪ್ರಶ್ನೆ, ಕರೆಂಟ್ ಹೋದರೆ ಏನು ಅನ್ನುವುದು. ಉತ್ತರ ಇರುವುದು ಡಬ್ಬಿಯಲ್ಲಲ್ಲ, ಎದುರು ತುದಿಯಲ್ಲಿ. ಒಂದು ಕಡೆ ಕಾಯಿಲ್, ಇನ್ನೊಂದು ಕಡೆ ಸ್ಪ್ರಿಂಗ್ ಇದ್ದರೆ, ಕರೆಂಟ್ ಹೋದ ಕೂಡಲೇ ಸ್ಪ್ರಿಂಗ್ ಗೆದ್ದು ವಾಲ್ವ್ ಮೊದಲ ಸ್ಥಾನಕ್ಕೆ ಬರುತ್ತದೆ. ಎರಡು ಚೌಕದ ವಾಲ್ವ್‌ಗೆ ಎರಡೂ ಕಡೆ ಕಾಯಿಲ್ ಇದ್ದು ಸ್ಪ್ರಿಂಗ್ ಇಲ್ಲದಿದ್ದರೆ, ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಮೂರು ಚೌಕ, ಎರಡೂ ಕಡೆ ಕಾಯಿಲ್ ಮತ್ತು ಸ್ಪ್ರಿಂಗ್ ಇದ್ದರೆ ನಡುವಿಗೆ ಬರುತ್ತದೆ.

ಗಾಳಿಯ ಯಂತ್ರಗಳಲ್ಲಿ ಇದು ಮುಖ್ಯ. ಕರೆಂಟ್ ಹೋದರೆ ಹೈಡ್ರಾಲಿಕ್ ಪಂಪಿನ ಮೋಟಾರೂ ನಿಲ್ಲುತ್ತದೆ, ಒತ್ತುವ ಶಕ್ತಿ ಬರುವುದು ನಿಂತಿತು. ಕಂಪ್ರೆಸರ್ ನಿಂತರೂ ಟ್ಯಾಂಕಿನಲ್ಲಿ ಗಾಳಿ ತುಂಬಿಯೇ ಇರುತ್ತದೆ. ಹಾಗಾಗಿ ಸ್ಪ್ರಿಂಗ್ ಇರುವ ವಾಲ್ವ್ ಕರೆಂಟ್ ಹೋದ ಕ್ಷಣದಲ್ಲಿ ಸಿಲಿಂಡರನ್ನು ಪೂರ್ತಿ ಜೋರಿನಿಂದಲೇ ಆಚೆ ಕಡೆಗೆ ಓಡಿಸುತ್ತದೆ. ಕತ್ತಲಲ್ಲಿ, ಯಾರೂ ಏನೂ ಒತ್ತದೆ. ವಸ್ತುವನ್ನು ಬಿಗಿಯಾಗಿ ಹಿಡಿದಿಡುವ ಕೆಲಸಕ್ಕೆ ಇಂಥ ವಾಲ್ವ್ ಹಾಕಿ, ಕರೆಂಟ್ ಹೋದಾಗ ಹಿಡಿತ ಬಿಡುವ ಹಾಗೆ ಪೈಪ್ ಜೋಡಿಸಿದರೆ ವಸ್ತು ಕೆಳಗೆ ಬೀಳುತ್ತದೆ. ಅಲ್ಲಿ ಎರಡು ಕಾಯಿಲ್‌ನ ವಾಲ್ವ್ ಸರಿ. ಕತ್ತರಿಸುವ, ಒತ್ತುವ ಕೆಲಸಕ್ಕೆ ಸ್ಪ್ರಿಂಗ್ ಇರುವುದೇ ಸರಿ, ಕರೆಂಟ್ ಹೋದರೆ ಬ್ಲೇಡ್ ಮೇಲಕ್ಕೆ ಹೋಗುವ ಹಾಗೆ ಪೈಪ್ ಜೋಡಿಸಿದ್ದರೆ.

ಲಾರಿ, ಬಸ್ಸಿನ ಹ್ಯಾಂಡ್‌ಬ್ರೇಕಿನಲ್ಲೂ ಇದೇ ಯೋಚನೆ ಇದೆ. ಏರ್‌ಬ್ರೇಕ್ ವಾಹನದಲ್ಲಿ ಪಾರ್ಕಿಂಗ್ ಬ್ರೇಕನ್ನು ಹಿಡಿಯುವುದು ಗಾಳಿ ಅಲ್ಲ, ಸ್ಪ್ರಿಂಗ್. ಗಾಳಿ ಮಾಡುವುದು ಆ ಸ್ಪ್ರಿಂಗನ್ನು ಅದುಮಿ ಬ್ರೇಕ್ ಬಿಡಿಸುವ ಕೆಲಸ. ಗಾಳಿ ಖಾಲಿಯಾದರೆ ಬ್ರೇಕ್ ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ.

ಎರಡು ಕಾಯಿಲ್ ಇರುವ ವಾಲ್ವ್‌ನಲ್ಲಿ ಎರಡಕ್ಕೂ ಒಟ್ಟಿಗೆ ಕರೆಂಟ್ ಕೊಡಬಾರದು. ಎಸಿ ಕಾಯಿಲ್ ಆದರೆ ಒಂದು ಎಳೆಯಲಾರದೆ ಸುಟ್ಟೇ ಹೋಗುತ್ತದೆ. ಎಸಿ ಕಾಯಿಲ್ ಶುರುವಾಗುವಾಗ ಜಾಸ್ತಿ ಕರೆಂಟ್ ಎಳೆಯುತ್ತದೆ, ಒಳಗಿನ ತುಂಡು ಪೂರ್ತಿ ಸರಿದ ಮೇಲಷ್ಟೇ ಕರೆಂಟ್ ಇಳಿಯುತ್ತದೆ. ಕಸ ಸಿಕ್ಕಿ ಸ್ಪೂಲ್ ನಡುವೆ ನಿಂತರೂ ಅದೇ ಗತಿ. ಕಾಯಿಲ್ ಮೇಲಿಂದ ಮೇಲೆ ಸುಡುತ್ತಿದ್ದರೆ ಹೊಸ ಕಾಯಿಲ್ ತರುವ ಮುಂಚೆ ಸ್ಪೂಲ್ ಸಲೀಸಾಗಿ ಜಾರುತ್ತದಾ ಅಂತ ನೋಡಿ. ಡಿಸಿ ಕಾಯಿಲ್‌ಗೆ ಈ ಕಾಯಿಲೆ ಇಲ್ಲ.

ಟಿಕ್ ಅಂತದೆ, ಅಲುಗುವುದಿಲ್ಲ

ತ್ರಿಕೋನ ಇದ್ದರೆ ಪೈಲಟ್. ಅಂದ್ರೆ ಸ್ಪೂಲನ್ನು ದೂಡುವುದು ಎಣ್ಣೆ ಅಥವಾ ಗಾಳಿಯೇ. ತುಂಬಿದ ಕಪ್ಪು ತ್ರಿಕೋನ ಎಣ್ಣೆಗೆ, ಖಾಲಿ ತ್ರಿಕೋನ ಗಾಳಿಗೆ. ಅದಕ್ಕೆ ಬರುವ ಪೈಪನ್ನು ತುಂಡು ತುಂಡು ಗೆರೆಯಲ್ಲಿ ಬರೆಯುತ್ತಾರೆ. ಡ್ರೈವರ್ ಕ್ಯಾಬಿನ್ನಿನಲ್ಲೇ ಕೂತು ಚಿಕ್ಕ ಗಾಳಿ ವಾಲ್ವ್ ತಿರುಗಿಸಿ, ದೂರದಲ್ಲಿರುವ ಎಣ್ಣೆಯ ವಾಲ್ವ್ ಅಲುಗಿಸುವ ಟಿಪ್ಪರ್‌ಗಳಲ್ಲಿ ಇದು ಸಿಗುತ್ತದೆ. ವಾಲ್ವ್‌ನೊಳಗೆ ಹರಿಯುವುದು ಎಣ್ಣೆಯಾದರೂ ತುದಿಯಲ್ಲಿ ಇರುವುದು ಖಾಲಿ ತ್ರಿಕೋನ.

ಸೊಲೆನಾಯ್ಡ್ ಡಬ್ಬಿಯ ಬೆನ್ನಿಗೇ ತ್ರಿಕೋನದ ಚಿಕ್ಕ ಡಬ್ಬಿ ಇದ್ದರೆ, ಒಂದರ ಹಿಂದೆ ಒಂದು ಎಂದರ್ಥ. ಕಾಯಿಲ್ ಒಂದು ಸಣ್ಣ ದಾರಿ ತೆರೆಯುತ್ತದೆ, ಅಲ್ಲಿಂದ ನುಗ್ಗಿದ ಗಾಳಿ ದೊಡ್ಡ ಸ್ಪೂಲನ್ನು ದೂಡುತ್ತದೆ. ಈಗ ಸಿಗುವ ಗಾಳಿ ವಾಲ್ವ್‌ಗಳಲ್ಲಿ ಬಹಳಷ್ಟು ಇದೇ ಜಾತಿಯವು. ಇದು ಗೊತ್ತಿಲ್ಲದೆ ಒಳ್ಳೆಯ ಕಾಯಿಲ್‌ಗಳನ್ನು ಬಿಸಾಡುವುದುಂಟು. ಬಟನ್ ಒತ್ತಿದರೆ ಟಿಕ್ ಅಂತ ಶಬ್ದ ಬರುತ್ತದೆ, ಸಿಲಿಂಡರ್ ಮಾತ್ರ ಅಲುಗುವುದಿಲ್ಲ. ಕಾಯಿಲ್ ತನ್ನ ಕೆಲಸ ಮಾಡಿದೆ. ದೂಡುವಷ್ಟು ಗಾಳಿ ಇಲ್ಲ, ಅಷ್ಟೇ. ಇಂಥ ವಾಲ್ವ್ ಅಲುಗಬೇಕಾದರೆ ಸಾಮಾನ್ಯವಾಗಿ ಒಂದೂವರೆ, ಎರಡು ಬಾರ್ ಒತ್ತಡವಾದರೂ ಇರಬೇಕು. ಮೊದಲು ಗೇಜ್ ನೋಡಿ.

ಎರಡು ಗುರುತು ಒಂದರ ಹಿಂದೆ ಒಂದು ಅಲ್ಲದೆ, ಒಂದರ ಮೇಲೊಂದು ಪಕ್ಕಪಕ್ಕ ಇದ್ದು ಎರಡೂ ಚೌಕಕ್ಕೆ ತಾಗಿದ್ದರೆ, ಇದಾದರೂ ಸರಿ ಅದಾದರೂ ಸರಿ ಎಂದರ್ಥ. ಕಾಯಿಲ್ ಜೊತೆಗೆ ಕೈಯಿಂದ ಒತ್ತುವ ಗುರುತು ಹೀಗೆ ಇದ್ದರೆ, ಕರೆಂಟ್ ಇಲ್ಲದಿದ್ದರೂ ವಾಲ್ವ್ ಅಲುಗಿಸಲು ಒಂದು ಪುಟ್ಟ ಗುಂಡಿ ಇದೆ ಎಂದು ತಿಳಿಯಬೇಕು. ವಾಲ್ವ್ ಕೆಟ್ಟಿದೆಯಾ, ವೈರಿಂಗ್ ಕೆಟ್ಟಿದೆಯಾ ಎಂದು ಕಂಡುಹಿಡಿಯಲು ಅದು ಬಹಳ ಉಪಯೋಗ. ಆದರೆ ಅದನ್ನು ಒತ್ತಿದರೆ ಸಿಲಿಂಡರ್ ನಿಜವಾಗಿಯೂ ಓಡುತ್ತದೆ, ಯಂತ್ರದ ಹತ್ತಿರ ಯಾರೂ ಇರಬಾರದು. ಕೆಲವನ್ನು ಸ್ಕ್ರೂ ಡ್ರೈವರ್‌ನಿಂದ ತಿರುಗಿಸಿದರೆ ಹಾಗೇ ಲಾಕ್ ಆಗುತ್ತವೆ. ವಾಪಸ್ ತಿರುಗಿಸಲು ಮರೆತು ಬಾಗಿಲು ಹಾಕಿಕೊಂಡು ಹೋದರೆ ಮರುದಿನ ಬೆಳಿಗ್ಗೆ ಕಂಪ್ರೆಸರ್ ಹಾಕಿದವರಿಗೆ ಕಾದಿದೆ.

12 ಅಂದರೆ ವೋಲ್ಟ್ ಅಲ್ಲ

ಗಾಳಿಯ ವಾಲ್ವ್‌ನಲ್ಲಿ ಅಕ್ಷರದ ಬದಲು ಅಂಕಿ ಇರುತ್ತದೆ. 1 ಗಾಳಿ ಬರುವ ದಾರಿ, 2 ಮತ್ತು 4 ಸಿಲಿಂಡರ್‌ಗೆ ಹೋಗುವವು, 3 ಮತ್ತು 5 ಗಾಳಿ ಹೊರಗೆ ಹೋಗುವವು. ತುದಿಯ ಕಾಯಿಲ್ ಹತ್ತಿರ 14, 12 ಎಂದು ಬರೆದಿರುತ್ತಾರೆ. 14 ಅಂದರೆ ಹದಿನಾಲ್ಕಲ್ಲ, ಒಂದು ಮತ್ತು ನಾಲ್ಕು. ಈ ಕಡೆಯದು ಕೆಲಸ ಮಾಡಿದರೆ 1ರ ಗಾಳಿ 4ಕ್ಕೆ ಹೋಗುತ್ತದೆ. 12 ಅಂದರೆ 1ರಿಂದ 2ಕ್ಕೆ. ಇದನ್ನೇ 12 ವೋಲ್ಟ್ ಎಂದುಕೊಂಡು ಬ್ಯಾಟರಿ ವೈರ್ ಕೊಟ್ಟರೆ 24 ವೋಲ್ಟಿನ ಕಾಯಿಲ್ ಅಲುಗುವುದಿಲ್ಲ, ಅಂಗಡಿಯವರ ಮೇಲೆ ಜಗಳಕ್ಕೆ ಹೋಗುವುದಾಗುತ್ತದೆ. ವೋಲ್ಟ್ ಬರೆದಿರುವುದು ಕಾಯಿಲ್‌ನ ಮೈಮೇಲೆ, 24 ಡಿಸಿಯೋ 230 ಎಸಿಯೋ ಎಂದು ಬೇರೆಯಾಗಿಯೇ ಇರುತ್ತದೆ.

ಗುರುತು ಹೇಳದೇ ಇರುವುದೂ ಇದೆ. ನಡು ಚೌಕದಲ್ಲಿ ಎಲ್ಲ ದಾರಿ ಬಂದ್ ಎಂದು ಬರೆದಿದ್ದರೂ ಸ್ಪೂಲ್‌ನ ಸುತ್ತ ಕೂದಲೆಳೆಯಷ್ಟು ಸಂದು ಇದ್ದೇ ಇರುತ್ತದೆ, ಎಣ್ಣೆ ಮೆಲ್ಲಗೆ ಜಿನುಗುತ್ತದೆ. ಎತ್ತಿ ನಿಲ್ಲಿಸಿದ ಟ್ರಾಲಿ ಒಂದೆರಡು ಗಂಟೆಯಲ್ಲಿ ತಾನೇ ಇಳಿದಿದ್ದರೆ ಅದೇ ಕಾರಣ. ಟ್ರಾಲಿ ಎತ್ತಿ ಅದರ ಕೆಳಗೆ ಗ್ರೀಸ್ ಹಚ್ಚಲು, ವೆಲ್ಡಿಂಗ್ ಮಾಡಲು ನುಗ್ಗುವವರು ಲಿವರ್ ನಡುವಿನಲ್ಲಿದೆ ಎಂದು ನಂಬಬಾರದು. ಗಟ್ಟಿಯಾದ ಕಬ್ಬಿಣದ ಆಸರೆ ಕೊಟ್ಟ ಮೇಲಷ್ಟೇ ಒಳಗೆ ತಲೆ ಹಾಕಬೇಕು.

ಪ್ಲೇಟ್ ಸವೆದು ಹೋಗಿದ್ದರೆ

ಹಳೆಯ ವಾಲ್ವ್ ಬಿಚ್ಚುವ ಮುಂಚೆಯೇ ಪ್ಲೇಟನ್ನು ಸೀಮೆಎಣ್ಣೆಯಲ್ಲಿ ಒರೆಸಿ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಪೈಪುಗಳು ಜೋಡಿಸಿರುವ ಹಾಗೇ ಇನ್ನೊಂದು ಫೋಟೋ. ಅಂಗಡಿಯಲ್ಲಿ ಹೊಸದನ್ನು ಕೈಗೆ ಕೊಟ್ಟಾಗ ಚೌಕದ ಒಳಗಿನದನ್ನೂ ಎರಡು ತುದಿಯ ಗುರುತನ್ನೂ ಹಳೆಯದರ ಜೊತೆ ಹೋಲಿಸಿ. ಮಾಡೆಲ್ ನಂಬರಿನಲ್ಲಿ ಒಂದು ಅಕ್ಷರ ಬೇರೆ ಇದ್ದರೂ "ಅದೇನೂ ಪರವಾಗಿಲ್ಲ" ಅನ್ನುವ ಮಾತಿಗೆ ಒಪ್ಪಬೇಡಿ. ಸ್ಪ್ರಿಂಗೋ ಕಚ್ಚೋ ಅನ್ನುವ ವಿಷಯ ಆ ಒಂದು ಅಕ್ಷರದಲ್ಲೇ ಇರಬಹುದು.

ಪ್ಲೇಟ್ ಪೂರ್ತಿ ಸವೆದಿದ್ದರೆ ಕೈಯಿಂದಲೇ ತಿಳಿಯಬಹುದು. ಮೋಟಾರ್ ಆಫ್ ಮಾಡಿ, ಮೇಲೆತ್ತಿದ ಭಾರವನ್ನೆಲ್ಲ ಕೆಳಗಿಳಿಸಿ, ಲಿವರನ್ನು ಒಂದು ಕಡೆಗೆ ಪೂರ್ತಿ ಎಳೆದು ಬಿಡಿ. ತಾನೇ ನಡುವಿಗೆ ಬಂದರೆ ಸ್ಪ್ರಿಂಗ್. ಟಕ್ ಎಂದು ಕೂತು ಅಲ್ಲೇ ಉಳಿದರೆ ಕಚ್ಚು. ಇನ್ನೊಂದು ಕಡೆಗೂ ಹಾಗೇ ಮಾಡಿ ನೋಡಿ, ಒಂದು ಕಡೆ ಸ್ಪ್ರಿಂಗ್, ಇನ್ನೊಂದು ಕಡೆ ಕಚ್ಚು ಇರುವ ವಾಲ್ವ್‌ಗಳೂ ಇವೆ. ಟಕ್ ಅನ್ನದೆ, ವಾಪಸ್ಸೂ ಬಾರದೆ ಸಡಿಲವಾಗಿ ಎಲ್ಲೆಂದರಲ್ಲಿ ನಿಂತರೆ ಸ್ಪ್ರಿಂಗ್ ಮುರಿದಿರಬೇಕು ಅಥವಾ ಕಚ್ಚು ಸವೆದಿರಬೇಕು. ಅದನ್ನು "ಇಂಥದ್ದೇ ಕೊಡಿ" ಎಂದು ಅಂಗಡಿಯಲ್ಲಿ ತೋರಿಸುವ ಹಾಗಿಲ್ಲ. ಯಂತ್ರ ಮಾಡಿಕೊಟ್ಟವರಿಗೆ ಫೋನ್ ಮಾಡಿ, ಬಿಟ್ಟರೆ ನಿಲ್ಲಬೇಕಾ ವಾಪಸ್ ಬರಬೇಕಾ ಎಂದು ಕೇಳಿಯೇ ಬಸ್ ಹತ್ತಬೇಕು.